ಮಲ್ನಾಡ್ ಬಯಲುಸೀಮೆ ಆದ ಕಥೆ: ಆನಿಮಲ್ ಕ್ರಾಸಿಂಗ್ ಊರಿನಲ್ಲಿ ಹುಲ್ಲು ಸವೆದರೆ ಹುಡುಕುವುದು ಎಲ್ಲಿ, ಮಾಡುವುದು ಏನು

ನನ್ನ ಊರಿನ ಹೆಸರು ಮಲ್ನಾಡ್. ಪ್ರಾಣಿಗಳು ವಾಸಿಸುವ ಊರಿಗೆ ನಾವೇ ಮೇಯರ್ ಆಗುವ ಆನಿಮಲ್ ಕ್ರಾಸಿಂಗ್: ನ್ಯೂ ಲೀಫ್ ಅನ್ನುವ ವಿಡಿಯೊ ಆಟದಲ್ಲಿ ಊರಿನ ಹೆಸರು ಎಂಟು ಅಕ್ಷರ ಮೀರುವಂತಿಲ್ಲ. ಇಂಗ್ಲಿಷ್‌ನಲ್ಲಿ ಬರೆದರೆ ಇದು ಆರೇ ಅಕ್ಷರ, ಚೆನ್ನಾಗಿ ಕೂತಿತು. ಮೊದಲ ದಿನ ಎಲ್ಲಿ ನೋಡಿದರೂ ಹಸಿರು, ಹೆಸರಿಟ್ಟದ್ದು ಸಾರ್ಥಕ ಅನಿಸಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮಲ್ನಾಡ್ ಹೋಗಿ ಬಯಲುಸೀಮೆ ಆಗಿತ್ತು. ರೈಲ್ವೆ ಸ್ಟೇಷನ್ ಮುಂದೆ ಮಣ್ಣು, ಸೇತುವೆಯ ಎರಡೂ ತುದಿಯಲ್ಲಿ ಮಣ್ಣು, ಕಡಲ ತೀರದ ಕಡೆಯಿಂದ ಊರೊಳಗೆ ಎತ್ತಿನ ಗಾಡಿ ಓಡಾಡಿದ ಹಾಗೆ ಉದ್ದಕ್ಕೆ ಒಂದು ಕಂದು ಗೆರೆ.

ಆಟ ಕೆಟ್ಟಿದೆ ಅಂದುಕೊಂಡೆ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಬೇರೆ. ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಉಫ್ ಅಂತ ಊದಿ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ, ಯಾಕೆಂದರೆ ಇದು ಕಾರ್ಟ್ರಿಜ್ ದೋಷ ಅಲ್ಲ, ಆಟ ಮಾಡಿದವರೇ ಬೇಕೆಂದು ಇಟ್ಟ ನಿಯಮ. ನಡೆದಲ್ಲಿ ಹುಲ್ಲು ಸವೆಯುತ್ತದೆ. ಓಡಿದಲ್ಲಿ ಇನ್ನೂ ಬೇಗ ಸವೆಯುತ್ತದೆ. ಆ ಜಾಗ ಬಿಟ್ಟುಬಿಟ್ಟರೆ ಸ್ವಲ್ಪ ಸ್ವಲ್ಪವೇ ಮತ್ತೆ ಚಿಗುರುತ್ತದೆ. ಇಷ್ಟೇ ನಿಯಮ, ಆದರೆ ನನಗಂತೂ ಆಟದೊಳಗೆ ಯಾರೂ ಇದನ್ನು ಕೂರಿಸಿಕೊಂಡು ಹೇಳಲಿಲ್ಲ.

ಆದ್ದರಿಂದ ಹುಲ್ಲಿಗೆ ಏನು ರೋಗ ಅಂತ ಕೇಳುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ನಾನು ದಿನಾ ಎಲ್ಲಿಂದ ಎಲ್ಲಿಗೆ ಓಡುತ್ತೇನೆ, ಯಾಕೆ ಓಡುತ್ತೇನೆ, ಎಷ್ಟು ಸಲ ಓಡುತ್ತೇನೆ ಅಂತ ಕೇಳಬೇಕು. ನನಗೆ ಇದು ತಲೆಗೆ ಹೋಗುವುದಕ್ಕೆ ಎರಡು ವಾರ ಬೇಕಾಯಿತು. ನಿಮಗೆ ಅಷ್ಟು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲು ನೀವು ಆಡುತ್ತಿರುವುದು ಯಾವ ಆಟ?

ಇದು ಹಾಸ್ಯಾಸ್ಪದ ಪ್ರಶ್ನೆ ಅನಿಸಬಹುದು, ಆದರೆ ಅರ್ಧ ಗೊಂದಲ ಇಲ್ಲೇ ಇರುತ್ತದೆ. ಈ ಸರಣಿಯ ಎಲ್ಲ ಆಟಗಳಲ್ಲೂ ಹುಲ್ಲು ಸವೆಯುವುದಿಲ್ಲ.

ಸವೆತ ಶುರುವಾಗಿದ್ದು 2008ರಲ್ಲಿ ನಿಂಟೆಂಡೊದ ವೀ ಯಂತ್ರಕ್ಕೆ ಬಂದ ಸಿಟಿ ಫೋಕ್‌ನಲ್ಲಿ. ಯುರೋಪಿನ ಡಿಸ್ಕ್ ನಿಮ್ಮ ಹತ್ತಿರ ಇದ್ದರೆ ಅದರ ಮೇಲೆ ಲೆಟ್ಸ್ ಗೋ ಟು ದ ಸಿಟಿ ಅಂತ ಇರುತ್ತದೆ, ಎರಡೂ ಒಂದೇ ಆಟ. ಅದರಲ್ಲಿ ಸವೆತ ಬಲು ಜೋರು. ಕಾರಣವೂ ಇದೆ. ನೂಕ್ ಅಂಗಡಿ, ಬಟ್ಟೆ ಅಂಗಡಿ, ಮ್ಯೂಸಿಯಂ, ಟೌನ್ ಹಾಲ್ ಎಲ್ಲವೂ ಊರೊಳಗೇ ಇವೆ, ಹಾಗಾಗಿ ಏನು ಮಾಡಬೇಕೆಂದರೂ ಹುಲ್ಲಿನ ಮೇಲೆಯೇ ಓಡಬೇಕು. ಒಮ್ಮೆ ಬೋಳಾದರೆ ಮತ್ತೆ ಹಸಿರಾಗುವುದು ಎಷ್ಟು ನಿಧಾನವೆಂದರೆ, ಹೋದ ಹುಲ್ಲು ಹೋಯಿತು ಅಂತಲೇ ತುಂಬಾ ಜನ ನಂಬಿದ್ದರು.

ಆಮೇಲೆ ಬಂದದ್ದು ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರದ ನ್ಯೂ ಲೀಫ್. ಜಪಾನಿನಲ್ಲಿ 2012ರ ನವೆಂಬರ್, ಅಮೆರಿಕ ಮತ್ತು ಯುರೋಪಿನಲ್ಲಿ 2013ರ ಜೂನ್. ಇದರಲ್ಲೂ ಸವೆತ ಇದೆ, ಆದರೆ ಸಿಟಿ ಫೋಕ್‌ಗಿಂತ ಮೃದು. ಅಂಗಡಿ, ಮ್ಯೂಸಿಯಂ ಎಲ್ಲ ರೈಲು ಹಳಿ ದಾಟಿ ಮೇನ್ ಸ್ಟ್ರೀಟ್‌ಗೆ ಹೋಗಿವೆ. ಅಲ್ಲಿ ಎಷ್ಟು ಓಡಿದರೂ ಊರಿನ ಹುಲ್ಲಿಗೆ ಏನೂ ಆಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಸ್ವಿಚ್ ಯಂತ್ರಕ್ಕೆ ಬಂದ, ಊರಿನ ಬದಲು ದ್ವೀಪ ಇರುವ ನ್ಯೂ ಹೊರೈಜನ್ಸ್‌ನಲ್ಲಿ ಸವೆತ ಅನ್ನುವುದೇ ಇಲ್ಲ. ದಿನವಿಡೀ ಒಂದೇ ಜಾಗದಲ್ಲಿ ಓಡಿ, ಕುಣಿಯಿರಿ, ಒಂದು ಎಸಳೂ ಬಾಡುವುದಿಲ್ಲ. ಹಾಗಾದರೆ ಸ್ವಿಚ್‌ನಲ್ಲಿ ಆಡುವವರಿಗೆ ಕಾಣುವ ಕಂದು ಬಣ್ಣ ಏನು? ಎರಡರಲ್ಲಿ ಒಂದು. ನೀವೋ, ನಿಮ್ಮ ಮನೆಯಲ್ಲಿ ಅದೇ ದ್ವೀಪದಲ್ಲಿ ಆಡುವ ಇನ್ನೊಬ್ಬರೋ ಮಣ್ಣಿನ ದಾರಿ ಹಾಕಿರುತ್ತೀರಿ. ದ್ವೀಪಕ್ಕೆ ಮೂರು ನಕ್ಷತ್ರ ಸಿಕ್ಕಿ ಗಾಯಕ ಕೆಕೆ ಸ್ಲೈಡರ್ ಹಾಡಿ ಹೋದ ಮೇಲೆ ನೆಲ ಬದಲಿಸುವ ಐಲ್ಯಾಂಡ್ ಡಿಸೈನರ್ ಆ್ಯಪ್ ಸಿಗುತ್ತದೆ ಅಲ್ವಾ, ಅದರ ಮಣ್ಣಿನ ದಾರಿ ನೋಡುವುದಕ್ಕೆ ಥೇಟ್ ಸವೆದ ನೆಲದ ಹಾಗೆಯೇ ಇರುತ್ತದೆ. ಅದೇ ಆ್ಯಪ್ ತೆರೆದು ಅಳಿಸಿದರೆ ಕೆಳಗೆ ಹುಲ್ಲು ಹಾಗೇ ಇರುತ್ತದೆ. ಇನ್ನೊಂದು ಕಾರಣ ಋತು. ಉತ್ತರಾರ್ಧ ಗೋಳ ಆರಿಸಿಕೊಂಡಿದ್ದರೆ ಸೆಪ್ಟೆಂಬರ್‌ನಿಂದ ಹಸಿರು ಮಾಸುತ್ತಾ ಬಂದು ನವೆಂಬರ್‌ಗೆ ಇಡೀ ದ್ವೀಪ ಒಣಗಿದ ಬಣ್ಣಕ್ಕೆ ತಿರುಗುತ್ತದೆ, ಡಿಸೆಂಬರ್‌ನಲ್ಲಿ ಹಿಮ ಬೀಳುತ್ತದೆ. ನವೆಂಬರ್‌ನಲ್ಲೂ ಹಸಿರು ನೋಡಿ ಬೆಳೆದ ನಮ್ಮಂಥವರಿಗೆ ಇದು ರೋಗದಂತೆ ಕಾಣುತ್ತದೆ. ರೋಗ ಅಲ್ಲ, ಕಾಯಿರಿ, ಹಸಿರು ವಾಪಸ್ ಬರುತ್ತದೆ.

ಸ್ವಿಚ್ ಆಟಗಾರರ ಕೆಲಸ ಇಲ್ಲಿಗೆ ಮುಗಿಯಿತು. ಮುಂದಿನದು ಮುಖ್ಯವಾಗಿ ನ್ಯೂ ಲೀಫ್‌ನವರಿಗೆ, ಜೊತೆಗೆ ಇನ್ನೂ ವೀ ಬಿಡದೆ ಇಟ್ಟುಕೊಂಡಿರುವ ಗಟ್ಟಿ ಮನಸ್ಸಿನವರಿಗೆ.

ನಿಜವಾಗಿ ಸವೆತವೇ ಹೌದಾ?

ನ್ಯೂ ಲೀಫ್‌ನಲ್ಲೂ ಋತು ಬದಲಾದ ಹಾಗೆ ಹುಲ್ಲಿನ ಬಣ್ಣ ಬದಲಾಗುತ್ತದೆ. ಗುರುತು ಸುಲಭ. ಋತುವಿನಿಂದ ಆದ ಬದಲಾವಣೆ ಊರಿಡೀ ಒಂದೇ ಸಮ ಇರುತ್ತದೆ, ಬಂಡೆ ಹಿಂದೆ, ಯಾರೂ ಕಾಲಿಡದ ಮೂಲೆಯಲ್ಲಿ ಕೂಡ. ಸವೆತ ಹಾಗಲ್ಲ. ಅದಕ್ಕೆ ಅಂಚು ಇರುತ್ತದೆ, ದಿಕ್ಕು ಇರುತ್ತದೆ. ಹುಲ್ಲಿನ ಮೇಲಿನ ಸಣ್ಣ ಚಿತ್ತಾರ ಮೊದಲು ತೆಳುವಾಗಿ, ಆಮೇಲೆ ಅಲ್ಲಲ್ಲಿ ಹರಿದು, ಕೊನೆಗೆ ಬರೀ ಮಣ್ಣು ಉಳಿಯುತ್ತದೆ. ಅನುಮಾನ ಇದ್ದರೆ ನೀವು ಅಪರೂಪಕ್ಕೆ ಹೋಗುವ ಒಂದು ಮೂಲೆಗೆ ಹೋಗಿ, ಅಲ್ಲಿನ ಹುಲ್ಲನ್ನೂ ಸ್ಟೇಷನ್ ಮುಂದಿನ ಹುಲ್ಲನ್ನೂ ಹೋಲಿಸಿ ನೋಡಿ. ಹೋಗುವಾಗ ನಡೆದೇ ಹೋಗಿ ಮಾರಾಯ್ರೇ, ಪರೀಕ್ಷೆ ಮಾಡುವ ಗಡಿಬಿಡಿಯಲ್ಲಿ ಅದನ್ನೂ ಸವೆಸಬೇಡಿ.

ನೆಲದ ಮೇಲೆ ನಕ್ಷತ್ರದ ಹಾಗೆ ಬಿರುಕು ಕಂಡರೆ ಅದು ಸವೆತ ಅಲ್ಲ, ಕೆಳಗೆ ಏನೋ ಹೂತಿದೆ. ಅಗೆಯಿರಿ, ಪಳೆಯುಳಿಕೆ ಸಿಗಬಹುದು.

ಬೋಳು ಜಾಗದ ಆಕಾರ ಓದುವುದು

ಇಲ್ಲಿಂದ ನಿಜವಾದ ಪತ್ತೆದಾರಿ ಕೆಲಸ. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಪಿಚ್ ಎಲ್ಲಿ, ಮಕ್ಕಳು ಗೇಟಿನಿಂದ ಕ್ಲಾಸಿಗೆ ಅಡ್ಡ ಹಾಯುವ ಕಾಲುದಾರಿ ಎಲ್ಲಿ ಅಂತ ಮೇಲಿನಿಂದ ನೋಡಿದರೆ ಯಾರೂ ಹೇಳಬೇಕಿಲ್ಲ, ಮಣ್ಣೇ ಹೇಳುತ್ತದೆ. ಆಟದ ಊರೂ ಹಾಗೇ.

ಉದ್ದ ಗೆರೆ ಇದ್ದರೆ ಅದು ದಾರಿ. ಅದರ ಎರಡೂ ತುದಿ ಎಲ್ಲಿಗೆ ಹೋಗಿ ಮುಟ್ಟುತ್ತವೆ ನೋಡಿ. ಒಂದು ತುದಿ ನಿಮ್ಮ ಮನೆ, ಇನ್ನೊಂದು ತುದಿ ಸ್ಟೇಷನ್ ಆಗಿದ್ದರೆ ಅದು ಮೇನ್ ಸ್ಟ್ರೀಟ್‌ಗೆ ಹೋಗಿ ಬರುವ ದಿನನಿತ್ಯದ ಓಡಾಟ. ಬೀಸಣಿಗೆ ಥರ ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹರಡಿಕೊಂಡಿದ್ದರೆ, ಕಿರಿದಾದ ಕಡೆ ಸೇತುವೆಯೋ ತೀರಕ್ಕೆ ಇಳಿಯುವ ಇಳಿಜಾರೋ ಇರುತ್ತದೆ. ಊರಿನ ಎಲ್ಲ ಓಡಾಟ ಒಂದೇ ಬಾಯಲ್ಲಿ ನುಗ್ಗಿದರೆ ಅಲ್ಲಿ ಹುಲ್ಲು ಉಳಿಯುವುದು ಹೇಗೆ? ಒಂದೇ ಸೇತುವೆ ಇರುವ ಊರಿನಲ್ಲಿ ಇದು ಖಚಿತ.

ಮರದ ಸುತ್ತ ಉಂಗುರದ ಹಾಗೆ ಬೋಳಾಗಿದ್ದರೆ ಮರ ಅಲ್ಲಾಡಿಸಿ ಜೇನುಹುಳಗಳಿಂದ ತಪ್ಪಿಸಿಕೊಳ್ಳುವುದಕ್ಕೆ ಸುತ್ತು ಹಾಕಿದ್ದೀರಿ ಅಂತ ಅರ್ಥ. ನಗಬೇಡಿ, ನನ್ನ ಊರಿನಲ್ಲಿ ಇಂಥ ಎರಡು ಉಂಗುರ ಇದ್ದವು.

ಅಚ್ಚುಕಟ್ಟಾದ ಚೌಕದ ಆಕಾರದಲ್ಲಿ ಬರೀ ಮಣ್ಣು ಇದ್ದರೆ ಅದು ನಿಮ್ಮ ತಪ್ಪಲ್ಲ. ಅಲ್ಲಿ ಮೊದಲು ಒಬ್ಬರ ಮನೆ ಇತ್ತು. ನಿವಾಸಿ ಊರು ಬಿಟ್ಟು ಹೋದ ಮೇಲೆ ಮನೆ ಇದ್ದ ಜಾಗ ಮಣ್ಣಾಗಿ ಉಳಿಯುತ್ತದೆ, ನಿಧಾನವಾಗಿ ಹುಲ್ಲು ಹಬ್ಬುತ್ತದೆ. ನನಗೆ ಇದು ಗೊತ್ತಿಲ್ಲದೆ, ಇಲ್ಲಿ ನಾನು ಓಡೇ ಇಲ್ಲವಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಒಂದು ಕಪ್ಪೆ ಅಲ್ಲಿ ಇದ್ದದ್ದು, ಒಂದು ಬೆಳಗ್ಗೆ ಹೇಳದೆ ಹೋದದ್ದು ಆಮೇಲೆ ನೆನಪಾಯಿತು. ಸ್ವಲ್ಪ ಬೇಜಾರೂ ಆಯಿತು.

ನನ್ನ ಊರಿನ ದೊಡ್ಡ ಗಾಯ

ನನ್ನ ಊರಿನ ಅತಿ ಕೆಟ್ಟ ಗೆರೆ ಹಡಗುಕಟ್ಟೆಯ ಕಡೆಯಿಂದ, ಮೇನ್ ಸ್ಟ್ರೀಟ್‌ಗೆ ಹೋಗದೆ ಊರೊಳಗೇ ಇರುವ, ನಮ್ಮ ಸಾಮಾನು ಕೊಳ್ಳುವ ರೀ-ಟೇಲ್ ಅಂಗಡಿಗೆ ಹೋಗುತ್ತಿತ್ತು. ಮನೆ ಆ ಗೆರೆಯ ಹತ್ತಿರವೂ ಇಲ್ಲ. ಹಾಗಾದರೆ ಅಲ್ಲಿ ಯಾಕೆ?

ದ್ವೀಪದ ದುಂಬಿಗಳಿಂದ. ನ್ಯೂ ಲೀಫ್ ಆಡಿದವರಿಗೆ ಈಗಲೇ ಅರ್ಥವಾಗಿರುತ್ತದೆ. ಹೊಸಬರಿಗಾಗಿ ಹೇಳುತ್ತೇನೆ: ಸಾವಿರ ಬೆಲ್ಸ್ (ಆಟದ ದುಡ್ಡು) ಕೊಟ್ಟರೆ ಅಂಬಿಗ ಕ್ಯಾಪ್ನ್ ದೋಣಿಯಲ್ಲಿ ದ್ವೀಪಕ್ಕೆ ಕರೆದುಕೊಂಡು ಹೋಗಿ ವಾಪಸ್ ಬಿಡುತ್ತಾನೆ. ಸಂಜೆಯ ಮೇಲೆ ಅಲ್ಲಿನ ತೆಂಗಿನ ಮರಗಳಲ್ಲಿ ಬೆಲೆಬಾಳುವ ದುಂಬಿಗಳು ಕೂರುತ್ತವೆ, ಒಂದು ಗೋಲ್ಡನ್ ಸ್ಟ್ಯಾಗ್ ತಂದು ರೀ-ಟೇಲ್‌ನಲ್ಲಿ ಮಾರಿದರೆ 12,000 ಬೆಲ್ಸ್. ಆಟದೊಳಗಿನ ಮನೆ ಸಾಲ ತೀರಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ದ್ವೀಪದಲ್ಲಿ ಹಿಡಿದದ್ದನ್ನು ಜೇಬಿನಲ್ಲಿ ತರುವಂತಿಲ್ಲ. ಅಲ್ಲಿನ ಪೆಟ್ಟಿಗೆಗೆ ಹಾಕಬೇಕು, ಅದು ನಮ್ಮ ಊರಿನ ಹಡಗುಕಟ್ಟೆಯ ಪೆಟ್ಟಿಗೆಗೆ ಬಂದು ಸೇರುತ್ತದೆ. ಪೆಟ್ಟಿಗೆಗೆ 40 ಹಿಡಿಯುತ್ತದೆ. ಜೇಬಿಗೆ 16.

ಈಗ ಲೆಕ್ಕ ಹಾಕಿ. ನನ್ನ ಜೇಬಿನಲ್ಲಿ ಯಾವಾಗಲೂ ಬಲೆ, ಗಾಳ, ಸಲಿಕೆ, ಕೊಡಲಿ, ಕವಣೆ, ನೀರಿನ ಡಬ್ಬ ಆರೂ ಇರುತ್ತಿದ್ದವು. ಉಳಿದದ್ದು ಹತ್ತು ಜಾಗ. 40 ದುಂಬಿ ಸಾಗಿಸುವುದಕ್ಕೆ ನಾಲ್ಕು ಸಲ ಹೋಗಬೇಕು, ನಡುವೆ ಮೂರು ಸಲ ವಾಪಸ್ ಬರಬೇಕು. ಅಂದರೆ ಒಂದು ದ್ವೀಪ ಪ್ರಯಾಣಕ್ಕೆ ಅದೇ ಗೆರೆಯ ಮೇಲೆ ಏಳು ಓಟ. ರಾತ್ರಿಗೆ ಎರಡು ಪ್ರಯಾಣ ಮಾಡಿದರೆ ಹದಿನಾಲ್ಕು. ಓಡುವುದಕ್ಕೆ ಒತ್ತುವ ಬಿ ಬಟನ್‌ನಿಂದ ಬೆರಳು ತೆಗೆದದ್ದೇ ಇಲ್ಲ, ಅದರಲ್ಲೂ ಆಗ ನಾನು ಬೆಲ್ ಬೂಮ್ ಆಜ್ಞೆ ಬೇರೆ ಹೊರಡಿಸಿದ್ದೆ, ಮಾರುವ ಬೆಲೆ ಜಾಸ್ತಿ ಬರಲಿ ಅಂತ. ಮೇಯರ್ ಸಾಹೇಬರೇ ದುಡ್ಡಿನಾಸೆಗೆ ಬಿದ್ದು ಊರಿನ ಗೋಮಾಳ ಬೋಳು ಮಾಡಿದ ಹಾಗಾಯಿತು.

ಸರಿಪಡಿಸಿದ್ದು ತುಂಬಾ ಸರಳ. ದ್ವೀಪಕ್ಕೆ ಹೊರಡುವ ಮೊದಲು ಸಲಕರಣೆ ಎಲ್ಲ ಮನೆಯ ಕಪಾಟಿನಲ್ಲಿ ಇಟ್ಟೆ. ದ್ವೀಪದಲ್ಲಿ ಬಲೆ ಅಲ್ಲೇ ಕೊಡುತ್ತಾರೆ. ಖಾಲಿ ಜೇಬಿದ್ದರೆ 16, 16, 8. ಮೂರು ಸಲ ಹೋದರೆ ಮುಗಿಯಿತು, ನಡುವೆ ಎರಡು ಸಲ ವಾಪಸ್. ಏಳು ಓಟ ಐದಾಯಿತು. ವಾಪಸ್ ಬರುವಾಗ ಅವಸರ ಏನೂ ಇಲ್ಲ, ಅದನ್ನು ನಡೆದೇ ಮಾಡಿದೆ. ಆಮೇಲೆ ಉಳಿದ ಮೂರು ಓಟಕ್ಕೆ ದಾರಿ ಹಾಸಿದೆ, ಅದನ್ನು ಕೆಳಗೆ ಹೇಳುತ್ತೇನೆ.

ಇಂಥದ್ದೇ ಇನ್ನೊಂದು ಗೆರೆ ಸ್ಟೇಷನ್‌ನಿಂದ ರೀ-ಟೇಲ್‌ಗೆ. ಅದನ್ನು ಮಾಡಿದ್ದು ನಾನೊಬ್ಬನೇ ಅಲ್ಲ. ಆಟದಲ್ಲಿ ಕೊಂಡು ಮಾರುವ ಟರ್ನಿಪ್ ಗಡ್ಡೆಯ ಬೆಲೆ ಏರಿದ ವಾರ ಸ್ನೇಹಿತರು ರೈಲಿನಲ್ಲಿ ಬಂದು, ಇಳಿದ ತಕ್ಷಣ ಓಡಿ, ಮಾರಿ, ಓಡಿ, ಮತ್ತೆ ರೈಲು ಹತ್ತುತ್ತಿದ್ದರು. ಅತಿಥಿಗಳ ಕಾಲಿಗೂ ಹುಲ್ಲು ಸವೆಯುತ್ತದೆ. ನಿಲ್ಲಿಸಿ ಅಂತ ಹೇಳುವುದು ಹೇಗೆ? 2024ರ ಏಪ್ರಿಲ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಸೇವೆಯೇ ನಿಂತಿತು, ಈಗ ಅಕ್ಕಪಕ್ಕ ಕೂತು ಆಡಿದರೆ ಮಾತ್ರ ಅತಿಥಿಗಳು. ಹುಲ್ಲಿಗೆ ಒಳ್ಳೆಯದಾಯಿತು, ನನಗೆ ಅಷ್ಟೇನೂ ಖುಷಿಯಾಗಲಿಲ್ಲ.

ನಿಮ್ಮ ಊರಿನ ಪತ್ತೆ ಮಾಡುವುದು ಹೇಗೆ

ಒಂದು ವಾರ ಬೇಕು. ಎಲ್ ಮತ್ತು ಆರ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ ನ್ಯೂ ಲೀಫ್‌ನಲ್ಲಿ ಫೋಟೊ ತೆಗೆಯುತ್ತದೆ, ಎಸ್‌ಡಿ ಕಾರ್ಡಿಗೆ ಹೋಗಿ ಕೂರುತ್ತದೆ. ಬೋಳಾದ ಐದಾರು ಜಾಗದ ಫೋಟೊ ತೆಗೆಯಿರಿ, ಮುಂದಿನ ವಾರ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಬೇಕು, ಆದ್ದರಿಂದ ಪಕ್ಕದಲ್ಲಿ ಒಂದು ಮರ ಅಥವಾ ಬಂಡೆ ಚೌಕಟ್ಟಿನೊಳಗೆ ಬರುವ ಹಾಗೆ ನೋಡಿಕೊಳ್ಳಿ. ಕಣ್ಣಂದಾಜು ನಂಬಬೇಡಿ. ಬೇಜಾರಾಗಿರುವ ಮನುಷ್ಯನಿಗೆ ಎಲ್ಲವೂ ನಿನ್ನೆಗಿಂತ ಕೆಟ್ಟಂತೆ ಕಾಣುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಕೆಳಗಿನ ಪರದೆಯ ನಕ್ಷೆ ನೋಡಿ ಊರಿನ ಚಿತ್ರ ಒರಟಾಗಿ ಬರೆಯಿರಿ. ನದಿ, ಸೇತುವೆ, ಸ್ಟೇಷನ್, ರೀ-ಟೇಲ್, ಹಡಗುಕಟ್ಟೆ, ನಿಮ್ಮ ಮನೆ ಇಷ್ಟು ಸಾಕು. ಆಡಿದ ದಿನ ಎಲ್ಲಿಂದ ಎಲ್ಲಿಗೆ ಹೋದಿರೋ ಅಷ್ಟೂ ಗೆರೆ ಎಳೆಯಿರಿ. ಓಡಿದ್ದಕ್ಕೆ ದಪ್ಪ, ನಡೆದದ್ದಕ್ಕೆ ತೆಳು. ಮೂರನೇ ದಿನಕ್ಕೆ ಹಾಳೆಯ ಮೇಲಿನ ದಪ್ಪ ಗೆರೆಗಳೂ ಊರಿನ ಮಣ್ಣಿನ ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ಕೂರದೆ ಉಳಿದ ಬೋಳು ಜಾಗ ಇದ್ದರೆ ಅದು ಹಳೆಯ ಮನೆಯೋ, ಹಳೆಯ ಅಭ್ಯಾಸವೋ, ಅದೇ ಊರಿನಲ್ಲಿ ಆಡುವ ನಿಮ್ಮ ತಮ್ಮನೋ. ಒಂದು ಊರಿನಲ್ಲಿ ನಾಲ್ಕು ಜನ ಇರಬಹುದು ಅನ್ನುವುದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ ಒಬ್ಬ ಸುಮ್ನೆ ಮೀನು ಹಿಡಿಯುತ್ತೇನೆ ಅಂತ ಕೂತು ನದಿ ದಂಡೆ ಉದ್ದಕ್ಕೂ ಓಡಿದ್ದ. ಮೀನು ಓಡಿಹೋಗುತ್ತದೆ ಅಂತ ಹೇಳಿದರೂ ಕೇಳಲಿಲ್ಲ.

ಇನ್ನು ಸರಿಪಡಿಸುವುದು

ಪ್ರತಿಯೊಂದು ಗೆರೆಗೂ ಒಂದೇ ಪ್ರಶ್ನೆ: ಈ ದಾರಿ ನನಗೆ ಬೇಕಾ, ಬೇಡವಾ? ಬೇಕಿದ್ದರೆ ಅದನ್ನು ದಾರಿ ಮಾಡಿಬಿಡಿ. ಬೇಡವಾದರೆ ಮುಚ್ಚಿ. ಎರಡರ ನಡುವೆ ಬಿಟ್ಟರೆ ಅದು ಹುಲ್ಲೂ ಅಲ್ಲ, ದಾರಿಯೂ ಅಲ್ಲ, ಕಣ್ಣಿಗೆ ಕಸಿವಿಸಿ.

ಮುಚ್ಚುವುದಕ್ಕೆ ನನಗೆ ಇಷ್ಟವಾದ ವಿಧಾನ ಹೂವು. ಹೂವಿನ ಹತ್ತಿರ ಹುಲ್ಲು ಬೇಗ ಚಿಗುರುತ್ತದೆ ಅಂತ ಹಳೆಯ ಆಟಗಾರರು ಹೇಳುತ್ತಾರೆ. ಆ ಮಾತು ಪಕ್ಕಕ್ಕಿಟ್ಟರೂ ಹೂವಿನಿಂದ ಇನ್ನೊಂದು ಗಟ್ಟಿ ಲಾಭ ಇದೆ. ಓಡಿ ತುಳಿದರೆ ಹೂವು ಉದುರಿ ಹಾಳಾಗುತ್ತದೆ, ನಡೆದರೆ ಏನೂ ಆಗುವುದಿಲ್ಲ. ಕಷ್ಟಪಟ್ಟು ಬೆಳೆಸಿದ ನೀಲಿ ಗುಲಾಬಿ ಎದುರಿಗೆ ಕಂಡರೆ ಬಿ ಬಟನ್‌ನಿಂದ ಬೆರಳು ತಾನಾಗಿ ಮೇಲೇಳುತ್ತದೆ. ರಸ್ತೆಗೆ ಹಂಪ್ ಹಾಕಿದ ಹಾಗೆ. ಸಾಲಾಗಿ ಒತ್ತೊತ್ತಾಗಿ ಹಾಕಬೇಡಿ, ಒಂದು ಬಿಟ್ಟು ಒಂದು ಹಾಕಿ, ಜಾಗ ಉಳಿದರೆ ನೀರು ಹಾಕುತ್ತಾ ಹೋದ ಹಾಗೆ ಹೊಸ ಹೂವೂ ಬರುತ್ತವೆ.

ದಿನಾ ನೀರು ಹಾಕುವುದು ಆಗದು ಅನ್ನುವವರು ಮೇಯರ್ ಕಾರ್ಯದರ್ಶಿ ಇಸಾಬೆಲ್ ಹತ್ತಿರ ಹೋಗಿ ಬ್ಯೂಟಿಫುಲ್ ಟೌನ್ ಆಜ್ಞೆ ಹೊರಡಿಸಿ. 20,000 ಬೆಲ್ಸ್. ಹೂವು ಬಾಡುವುದಿಲ್ಲ, ಕಳೆ ಕಡಿಮೆ. ಒಂದು ಸಲಕ್ಕೆ ಒಂದೇ ಆಜ್ಞೆ ಇರುತ್ತದೆ, ಆದ್ದರಿಂದ ಬೆಲ್ ಬೂಮ್ ಬಿಟ್ಟುಕೊಡಬೇಕು. ಬಿಟ್ಟುಕೊಡಿ. ನಾನು ಬಿಟ್ಟುಕೊಟ್ಟ ಮೇಲೆ ದ್ವೀಪಕ್ಕೆ ಹೋಗುವುದೂ ಕಡಿಮೆಯಾಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ.

ಹೂವಿಗೂ ಮಣಿಯದ ಜಾಗಕ್ಕೆ ಪೊದೆ. ಮೇನ್ ಸ್ಟ್ರೀಟ್‌ನಲ್ಲಿ ಲೀಫ್ ಅನ್ನುವವನ ತೋಟದ ಅಂಗಡಿಯಲ್ಲಿ ದಾಸವಾಳ, ಹೈಡ್ರೇಂಜಿಯಾ, ಅಜೇಲಿಯಾ ಗಿಡ ಸಿಗುತ್ತವೆ. ಪೊದೆಯೊಳಗೆ ಹಾಯುವಂತಿಲ್ಲ, ಪೂರ್ತಿ ಅಡ್ಡ. ನಾನು ಹಡಗುಕಟ್ಟೆ ಕಡೆಯ ಅಡ್ಡದಾರಿಗಳನ್ನೆಲ್ಲ ದಾಸವಾಳ ಬೇಲಿ ಹಾಕಿ ಮುಚ್ಚಿದೆ. ನಮ್ಮ ಹಿತ್ತಲಿನ ಬೇಲಿಯೂ ಅದೇ ಅಲ್ವಾ. ಗಿಡ ಬೆಳೆಯುವ ತನಕ ತಡೆಯುವುದಕ್ಕೆ ಸಲಿಕೆಯಿಂದ ಎರಡು ಗುಂಡಿ ತೋಡಿ ಬಿಟ್ಟರೂ ಸಾಕು, ಗುಂಡಿ ದಾಟಿ ಹೋಗಲಾಗುವುದಿಲ್ಲ.

ಸೇತುವೆಯ ಬಾಯಿ ಬೋಳಾಗಿದ್ದರೆ ಹೂವಿನಿಂದ ಏನೂ ಆಗುವುದಿಲ್ಲ. ಅಲ್ಲಿಗೆ ಮದ್ದು ಇನ್ನೊಂದು ಸೇತುವೆ. ಊರಿಗೆ ಒಟ್ಟು ಮೂರು ಸೇತುವೆ ತನಕ ಕಟ್ಟಬಹುದು, ದುಡ್ಡು ದೊಡ್ಡದೇ, ಆದರೆ ಓಡಾಟ ಹಂಚಿಹೋಗುತ್ತದೆ. ಎಲ್ಲಿ ಕಟ್ಟಬೇಕೆಂದು ಆ ಹಾಳೆಯ ಮೇಲಿನ ದಪ್ಪ ಗೆರೆ ನೋಡಿ ತೀರ್ಮಾನಿಸಿ. ಚಂದ ಕಾಣುವ ಕಡೆ ಕಟ್ಟಿ, ಆಮೇಲೆ ಹಳೆಯ ಸೇತುವೆಯಲ್ಲೇ ಓಡಾಡುವವರನ್ನು ನೋಡಿದ್ದೇನೆ.

ದಾರಿ ಹಾಸುವುದು

ಬೇಕೇ ಬೇಕು ಅನ್ನುವ ಗೆರೆಗೆ ಡಿಸೈನ್ ಹಾಸಿ. ನೆಲದ ಮೇಲೆ ಡಿಸೈನ್ ಹಾಕಿದ ಕಡೆ ನಡೆದರೂ ಓಡಿದರೂ ಅದರ ಕೆಳಗಿನ ಹುಲ್ಲಿಗೆ ಪೆಟ್ಟಿಲ್ಲ. ನೀವೇ ಕಲ್ಲುಹಾಸು, ಮರದ ಹಲಗೆ ಬಿಡಿಸಬಹುದು. ಕೈ ಓಡದಿದ್ದರೆ ಬೇರೆಯವರ ಕ್ಯೂಆರ್ ಕೋಡ್ ತೆಗೆದುಕೊಳ್ಳಬಹುದು, ಆದರೆ ಆ ಕೋಡ್ ಓದುವ ಯಂತ್ರ ಮೊದಲ ದಿನವೇ ಸಿಗುವುದಿಲ್ಲ. ಬಟ್ಟೆ ಅಂಗಡಿಯ ಮೂಲೆಯಲ್ಲಿ ತಲೆ ತಗ್ಗಿಸಿ ಹೊಲಿಯುತ್ತಾ ಕೂರುವ ಸೇಬಲ್‌ಳನ್ನು ದಿನಾ ಮಾತಾಡಿಸಬೇಕು. ಮೊದಮೊದಲು ಮುಖ ತಿರುಗಿಸುತ್ತಾಳೆ. ಬಿಡಬೇಡಿ, ಹತ್ತು ದಿನ ಆಗುವ ಹೊತ್ತಿಗೆ ಅವಳೇ ಯಂತ್ರ ಬಳಸಲು ಬಿಡುತ್ತಾಳೆ.

ದಾರಿಯ ಅಗಲ ಒಂದು ಹಾಸು ಇಟ್ಟರೆ ಸಾಲದು. ಓಡುತ್ತಾ ತಿರುಗುವಾಗ ಪಾತ್ರ ಹೊರಗೆ ಜಾರುತ್ತದೆ, ವಾರದೊಳಗೆ ದಾರಿಯ ಪಕ್ಕದಲ್ಲೇ ಸವೆತ ಶುರುವಾಗುತ್ತದೆ. ನಾನು ಮೊದಲು ಒಂದರ ಅಗಲ ಹಾಕಿ, ತಿರುವುಗಳಲ್ಲಿ ಮಣ್ಣು ಕಂಡ ಮೇಲೆ ಎರಡು ಮಾಡಿದೆ. ತಿರುವಿನ ಒಳಮೂಲೆಗೆ ಒಂದೊಂದು ಹೂವು.

ಒಬ್ಬ ಪಾತ್ರಕ್ಕೆ ಹತ್ತೇ ಡಿಸೈನ್ ಜಾಗ. ಅಂಚು, ಮೂಲೆ, ನಡು ಅಂತ ಬೇರೆ ಬೇರೆ ಹಾಸು ಬೇಕಾದರೆ ಹತ್ತು ಎರಡೇ ದಿನದಲ್ಲಿ ಮುಗಿಯುತ್ತದೆ. ಎರಡನೇ ಪಾತ್ರ ಮಾಡಿ ಅವನಿಗೆ ರಸ್ತೆ ಕಾಮಗಾರಿ ವಹಿಸಿ, ಎಲ್ಲರೂ ಹಾಗೇ ಮಾಡುವುದು. ಒಂದು ಎಚ್ಚರಿಕೆ: ನೆಲದ ಮೇಲೆ ಹಾಸಿದ ಡಿಸೈನ್‌ನ ಜಾಗಕ್ಕೆ ಬೇರೆ ಚಿತ್ರ ಉಳಿಸಿದರೆ ನೆಲದ ಮೇಲಿದ್ದದ್ದೂ ಅದೇ ಆಗಿಬಿಡುತ್ತದೆ. ನಾನು ಒಂದು ಸಲ ಅಂಗಿಯ ಚಿತ್ರ ಉಳಿಸಿ ಊರಿನ ಮುಖ್ಯ ರಸ್ತೆಯನ್ನು ಕೆಂಪು ಚೌಕಳಿ ಲುಂಗಿ ಮಾಡಿದ್ದೆ. ಒಂದು ದಿನ ಹಾಗೇ ಬಿಟ್ಟೆ, ಚೆನ್ನಾಗಿಯೇ ಇತ್ತು.

ಇನ್ನೊಂದು ತಾಪತ್ರಯ ಹೊಸ ನಿವಾಸಿಗಳು. ಹಾಸಿದ ದಾರಿ ಇದೆ, ಹೂವು ಇದೆ ಅಂತ ಅವರು ನೋಡುವುದಿಲ್ಲ, ಸರಿಯಾಗಿ ಅದರ ಮೇಲೆಯೇ ಮನೆ ಕಟ್ಟುತ್ತಾರೆ. ಹೊಸಬರು ಬರುವ ಸೂಚನೆ ಇದ್ದರೆ ಆ ದಿನ ಮೊದಲು ನಿಮ್ಮ ಪಾತ್ರದಿಂದ ಆಟ ತೆರೆಯಬೇಡಿ. ಹೊಸದೊಂದು ಪಾತ್ರ ಮಾಡುವ ಹಾಗೆ ಮಾಡಿ ಊರಿಗೆ ಇಳಿದು, ಮನೆಯ ಹಗ್ಗ ಎಲ್ಲಿ ಕಟ್ಟಿದ್ದಾರೆ ನೋಡಿ. ಜಾಗ ಸರಿಯಿಲ್ಲದಿದ್ದರೆ ಉಳಿಸದೆ ಮುಚ್ಚಿ ಮತ್ತೆ ತೆರೆಯಿರಿ, ಬೇರೆ ಜಾಗ ಬರುತ್ತದೆ. ತಾಳ್ಮೆ ಬೇಕು, ನನಗೆ ಒಂದು ಸಲ ಅರ್ಧ ಗಂಟೆ ಹಿಡಿಯಿತು.

ಕೆಲಸಕ್ಕೆ ಬಾರದವು

ಗಡಿಯಾರ ಮುಂದೆ ತಿರುಗಿಸಿ ಒಂದು ತಿಂಗಳು ಹಾರಿಸಿದರೆ ಹುಲ್ಲು ಬೆಳೆದು ನಿಂತಿರುತ್ತದೆ ಅಂತ ಕೆಲವರು ಹೇಳುತ್ತಾರೆ. ಆ ಉಪಾಯಕ್ಕೆ ಹೋಗಬೇಡಿ. ತಿಂಗಳು ಬಿಟ್ಟು ಬಂದರೆ ಊರು ತುಂಬಾ ಕಳೆ, ಮನೆಯಲ್ಲಿ ಜಿರಳೆ, ಪ್ರೀತಿಯ ನಿವಾಸಿ ಊರು ಬಿಟ್ಟು ಹೋಗಿರುವ ಸಾಧ್ಯತೆ. ಅವನು ಹೋದರೆ ಅಲ್ಲಿ ಇನ್ನೊಂದು ಚೌಕ ಮಣ್ಣು!

ಕಳೆ ಕೀಳದೆ ಬಿಟ್ಟರೆ ಹಸಿರು ಹೆಚ್ಚುತ್ತದೆ ಅನ್ನುವುದೂ ಬೇಡ. ಕಳೆ ಜಾಸ್ತಿಯಾದರೆ ಊರಿನ ಮರ್ಯಾದೆ ಇಳಿಯುತ್ತದೆ, ತೀರಾ ಹೆಚ್ಚಾದರೆ ನೊಣ ಮುತ್ತುವ ರಾಫ್ಲೀಸಿಯಾ ಎದ್ದು ಕೂರುತ್ತದೆ. ಸವೆದ ಹುಲ್ಲಿನ ವಿಷಯ ಹಾಗಲ್ಲ. ಊರು ಹೇಗಿದೆ ಅಂತ ಇಸಾಬೆಲ್‌ಳನ್ನು ಕೇಳಿದರೆ ಮರ, ಹೂವು, ಕಳೆ, ಕಸದ ಬಗ್ಗೆ ಹೇಳುತ್ತಾಳೆಯೇ ಹೊರತು ಹುಲ್ಲು ಸವೆದಿದೆ ಅಂತ ನನಗೆ ಒಂದು ದಿನವೂ ದೂರಿಲ್ಲ. ಅಂದರೆ ಪರ್ಫೆಕ್ಟ್ ಟೌನ್ ಪಟ್ಟ, ಅದರಿಂದ ಸಿಗುವ ಚಿನ್ನದ ನೀರಿನ ಡಬ್ಬ ಇವುಗಳ ಮೇಲೆ ಕಣ್ಣಿಟ್ಟವರು ಹುಲ್ಲಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಇಡೀ ಊರಿನಲ್ಲಿ ಓಡುವುದನ್ನೇ ಬಿಡುತ್ತೇನೆ ಅಂತ ಶಪಥ ಮಾಡುವವರೂ ಇದ್ದಾರೆ. ನಾನೂ ಮಾಡಿದ್ದೆ. ನಾಲ್ಕನೇ ದಿನ ಆಕಾಶದಲ್ಲಿ ಬಲೂನಿಗೆ ಕಟ್ಟಿದ ಉಡುಗೊರೆ ಹಾರಿ ಹೋಗುತ್ತಿತ್ತು, ಶಪಥವೂ ಅದರ ಜೊತೆಯಲ್ಲೇ ಹೋಯಿತು.

ಹೊಸದಾಗಿ ಊರು ಶುರು ಮಾಡುವವರಿಗೆ ಮಾತ್ರ ಇನ್ನೊಂದು ಅವಕಾಶ ಇದೆ. ರೈಲಿನಲ್ಲಿ ರೋವರ್ ಬೆಕ್ಕು ನಾಲ್ಕು ನಕ್ಷೆ ತೋರಿಸುತ್ತದೆ. ರೀ-ಟೇಲ್ ಎಲ್ಲಿದೆಯೋ ಅಲ್ಲೇ ಕೊನೆ ತನಕ ಇರುತ್ತದೆ, ಸರಿಸಲಾಗುವುದಿಲ್ಲ. ಹಡಗುಕಟ್ಟೆಗೂ ರೀ-ಟೇಲ್‌ಗೂ ನಡುವೆ ನದಿ ಅಡ್ಡ ಇಲ್ಲದ, ದೂರ ಕಡಿಮೆ ಇರುವ ನಕ್ಷೆ ಆರಿಸಿ. ನಿಮ್ಮ ಮನೆ ಎಲ್ಲಿ ಅನ್ನುವುದು ನಿಮ್ಮ ಕೈಯಲ್ಲೇ ಇದೆ, ಅದನ್ನು ಆ ದಾರಿಯ ಪಕ್ಕದಲ್ಲಿ ಇಡಿ. ಕಡಲು ಕಾಣಬೇಕು ಅಂತ ಊರಿನ ಇನ್ನೊಂದು ತುದಿಗೆ ಇಟ್ಟವನು ನಾನು.

ಹುಲ್ಲು ವಾಪಸ್ ಬರುವುದಕ್ಕೆ ದಿನಗಳ ಲೆಕ್ಕ ಇಡಬೇಡಿ, ವಾರಗಳ ಲೆಕ್ಕ ಇಡಿ. ವೀ ಯಂತ್ರದವರು ತಿಂಗಳುಗಳ ಲೆಕ್ಕ. ನನ್ನ ಫೋಟೊಗಳಲ್ಲಿ ಮೊದಲ ವಾರ ಏನೂ ವ್ಯತ್ಯಾಸ ಇರಲಿಲ್ಲ, ಮೂರನೇ ವಾರ ಜೇನುಹುಳದ ಉಂಗುರಗಳ ಅಂಚು ಕರಗಿತು. ಕಪ್ಪೆಯ ಮನೆ ಇದ್ದ ಚೌಕ ಈಗ ಹುಡುಕಿದರೂ ಸಿಗುವುದಿಲ್ಲ, ಅಲ್ಲಿ ಹಳದಿ ಟ್ಯುಲಿಪ್ ಇದೆ. ಸ್ಟೇಷನ್ ಮುಂದಿನ ಮಣ್ಣಿಗೆ ಮಾತ್ರ ಏನೂ ಮಾಡಲಿಲ್ಲ. ಯಾವ ಊರಿನ ಸ್ಟೇಷನ್ ಮುಂದೆ ಹುಲ್ಲು ಇರುತ್ತದೆ ಹೇಳಿ.